ಹನ್ನೊಂದನೆಯ ಒಲೆ

ಹರಿಹರಕ್ಕೂ ಭಾನುವಳ್ಳಿಗೂ ನಡುವೆ, ಮಠದ ಜಮೀನಿನ ಮೇಲೆ ಕಟ್ಟಿದ ಸಣ್ಣ ಊರು ನಮ್ಮದು. ಪ್ಲೇಗಿನ ಕಾಲದಲ್ಲಿ ಒಬ್ಬ ಗುರುಗಳು ತಮ್ಮ ಶಿಷ್ಯರ ಮನೆತನಗಳನ್ನು ಎತ್ತಿನ ಗಾಡಿಗಳಲ್ಲಿ ಕರೆತಂದು ಇದನ್ನು ಸ್ಥಾಪಿಸಿದರೆಂದು ಊರಿನ ಚರಿತ್ರೆ ಹೇಳುತ್ತದೆ. ಆ ಚರಿತ್ರೆ ಅಚ್ಚಾದದ್ದಲ್ಲ. ಕೈಬರಹದ ಒಂದೇ ಪುಸ್ತಕ. ಗುರುಗಳ ಪುಣ್ಯತಿಥಿಯಂದು ಗದ್ದುಗೆಯ ಮುಂದೆ ಅದನ್ನು ಓದುತ್ತಾರೆ. ಹಾಳೆ ಸವೆದಾಗ ಒಳ್ಳೆಯ ಅಕ್ಷರದವರೊಬ್ಬರು ನಕಲು ಮಾಡಬೇಕು. ಹೊಸದನ್ನು ಓದುವ ಮುಂಚೆ ಹಳೆಯದನ್ನು ಹೊಳೆಗೆ ಬಿಡಬೇಕು. ಎರಡು ಪುಸ್ತಕಗಳಿದ್ದರೆ ಊರೂ ಎರಡಾದೀತೆಂಬ ಭಯ.

ಐವತ್ತರ ದಶಕದ ಕೊನೆಯಲ್ಲಿ ನಕಲಿನ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದೆ. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿ. ಉಳಿದದ್ದೆಲ್ಲ ವಾಚನಾಲಯದ ಬೆಂಚಿನ ಮೇಲೆ. ಯಾರು ಏನೇ ಹೇಳಲಿ, ನಿಮಗೆ ಹೇಗೆ ಗೊತ್ತು ಎಂದು ಕೇಳದೆ ಬಿಡುವವನಲ್ಲ ನಾನು. ಇದಕ್ಕಾಗಿ ಮದುವೆಮನೆಗಳಲ್ಲೂ ಬೈಸಿಕೊಂಡಿದ್ದೇನೆ.

ಅದೇ ವರ್ಷ ಮಠದ ಹಿರಿಯರು ಒಂದು ತೀರ್ಮಾನ ಮಾಡಿದ್ದರು. ಚರಿತ್ರೆಯಲ್ಲಿ ಹೆಸರಿರುವ ಮನೆತನಗಳಿಗೆ ಮನೆಜಾಗದ ಹಕ್ಕುಪತ್ರ ಕೊಡುವುದು. ಹೆಸರಿಲ್ಲದವರನ್ನು ತೆರವು ಮಾಡಿಸಿ ಅಲ್ಲಿ ದಾಸೋಹದ ಮನೆ ಕಟ್ಟುವುದು. ಹೆಸರಿಲ್ಲದ ಮನೆ ಒಂದೇ ಇತ್ತು: ಎತ್ತುಗಳಿಗೆ ಲಾಳ ಕಟ್ಟುವ ಸಾಬರದು. ಮುದುಕ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಅವರ ವಿಧವೆ ಸೊಸೆ, ಆಕೆಯ ಮಗ, ಮೊಮ್ಮಕ್ಕಳು ಇದ್ದರು.

ಪುಸ್ತಕ ನನ್ನ ಕೈಸೇರಿದ ಸುದ್ದಿ ಕೇಳಿ ಆ ಸೊಸೆ ನನ್ನ ತಾಯಿಯ ಮನೆಗೆ ಬಂದರು.

‘ತಮ್ಮಾ, ನಮ್ಮ ಮಾವ ಮೊದಲ್ನೇ ದಿನಾನೇ ಗಾಡಿ ಜೊತೆ ಬಂದಾರ. ಲಾಳ ಇಲ್ದ ಎತ್ತು ಅಷ್ಟು ದೂರ ಹೆಂಗೆ ನಡೀತಾವು? ನಿಮ್ಮ ಪುಸ್ತಕದಾಗ ಎತ್ತಿನ ಹೆಸ್ರು ಬರ್ದಾರಂತ. ಲಾಳ ಕಟ್ಟಿದೋರ ಹೆಸ್ರು ಬರ್ದಿರಲ್ಲೇನು? ಓದೋವಾಗ ಬಿಡ್ತಾರ ಅಷ್ಟೆ.’

ಹೆಸರಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ‘ನೋಡ್ತೀನಿ’ ಎಂದೆ.

ದಾವಣಗೆರೆಯ ನನ್ನ ಬಾಡಿಗೆ ಕೋಣೆಯಲ್ಲಿ ನಕಲು ಮಾಡುತ್ತ ಕೂತಾಗ ಒಂದು ಸಾಲಿನಲ್ಲಿ ಲೇಖನಿ ನಿಂತಿತು. ಬಂದಿಳಿದ ಸಂಜೆ ಬಯಲಿನಲ್ಲಿ ಹನ್ನೊಂದು ಒಲೆಗಳು ಹೊತ್ತಿದವು ಎಂದಿತ್ತು. ಕೆಳಗಿದ್ದ ಮನೆತನಗಳ ಹೆಸರುಗಳು ಹತ್ತು. ಚಿಕ್ಕಂದಿನಿಂದ ಕೇಳಿದ ಸಾಲು ಅದು. ನಾವೆಲ್ಲ ಕಣ್ಣು ಮುಚ್ಚಿ, ಕೈ ಮುಗಿದು ಕೇಳುತ್ತಿದ್ದೆವು. ಹಾಗೆ ಕೂತವರು ಹೆಸರು ಎಣಿಸುವುದಿಲ್ಲ.

ಮಠದ ಆಡಳಿತ ನೋಡಿಕೊಳ್ಳುತ್ತಿದ್ದ ಗೌಡರ ಬಳಿಗೆ ಹೋದೆ.

‘ಹನ್ನೊಂದ್ನೇದು ಗುರುಗಳ ಒಲೆ ಕಣಪ್ಪಾ’ ಎಂದರು.

‘ಗುರುಗಳು ಒಲೆ ಹೂಡ್ಲಿಲ್ಲ, ಭಿಕ್ಷೆ ಮ್ಯಾಲೆ ಇದ್ರು ಅಂತ ಮುಂದಿನ ಹಾಳ್ಯಾಗ ಐತಲ್ರಿ, ಗೌಡ್ರೇ.’

‘ನಿನ್ನ ಅಕ್ಷರ ದುಂಡಗೆ ಐತೆ ಅಂತ ಬರಿಯಾಕ ಕೊಟ್ವಿ, ಪಂಡಿತಪ್ಪಾ. ಎಣಿಸ್ಲಿ ಅಂತಲ್ಲ. ಇದ್ದಂಗೆ ಬರ್ಕೊಂಡು ಬಾ.’

ಪುಣ್ಯತಿಥಿಗೆ ಇನ್ನು ಮೂರು ವಾರ ಉಳಿದಿತ್ತು. ಯಾರೋ ಹಿಂದಿನ ನಕಲುಗಾರ ಸಾಬರ ಹೆಸರನ್ನು ಕೈಬಿಟ್ಟಿರಬಹುದು. ಇಲ್ಲವೇ ಇನ್ನೊಬ್ಬ ಹತ್ತು ಎನ್ನುವಲ್ಲಿ ಹನ್ನೊಂದು ಎಂದು ಬರೆದಿರಬಹುದು. ನೋಡೋಣವೆಂದರೆ ಅವರ ಪುಸ್ತಕಗಳೆಲ್ಲ ಹೊಳೆಯ ಪಾಲು. ವಯಸ್ಸಾದ ಇಬ್ಬರನ್ನು ವಿಚಾರಿಸಿದೆ. ಲಾಳದ ಸಾಬರು ಎರಡು ವರ್ಷ ತಡವಾಗಿ ಬಂದರೆಂದು ಒಬ್ಬರು ಹೇಳಿದರು. ಮೊದಲಿನಿಂದಲೂ ಇದ್ದರೆಂದು ಇನ್ನೊಬ್ಬರು. ಇಬ್ಬರೂ ಕಣ್ಣಾರೆ ಕಂಡವರಲ್ಲ. ಹೆಸರು ಸೇರಿಸಿ ನಾನು ಸಿಕ್ಕಿಬಿದ್ದರೆ ಮಠದ ಸಿಟ್ಟು ಊರಲ್ಲಿದ್ದ ನನ್ನ ತಾಯಿಯ ಮೇಲೆ ತಿರುಗುತ್ತಿತ್ತು. ಗಿರಣಿಯಲ್ಲಿ ನೂಲು ಹರಿದದ್ದು ತಿಳಿಯದೆ ಎರಡು ಸಲ ಮೇಲ್ವಿಚಾರಕ ಜಾಬರನಿಂದ ಬೈಸಿಕೊಂಡೆ.

ಕೊನೆಗೆ ಹತ್ತು ಹೆಸರುಗಳ ಕೆಳಗೆ, ಅದೇ ಶಾಯಿಯಲ್ಲಿ, ಅದೇ ಗಾತ್ರದಲ್ಲಿ ಮುದುಕರ ಹೆಸರನ್ನು ಬರೆದೆ.

ಪುಣ್ಯತಿಥಿಯ ಬೆಳಿಗ್ಗೆ ಹರಿಹರದ ಹೊಳೆದಂಡೆಯಲ್ಲಿ ಗೌಡರು ಹಳೆಯ ಪುಸ್ತಕವನ್ನು ನೀರಿಗೆ ಬಿಟ್ಟರು. ಮಧ್ಯಾಹ್ನ ಗದ್ದುಗೆಯ ಮುಂದೆ ಹೊಸದನ್ನು ಓದಿದವರೂ ಅವರೇ. ಹತ್ತನೆಯ ಹೆಸರು ಮುಗಿಯಿತು. ದನಿ ನಿಂತಿತು. ಕನ್ನಡಕದ ಮೇಲಿಂದ ಅವರು ನನ್ನನ್ನೇ ನೋಡಿದರು. ಉಳಿದವರೆಲ್ಲ ಕಣ್ಣು ಮುಚ್ಚಿದ್ದರು. ಗೌಡರು ಹಾಳೆಯತ್ತ ತಿರುಗಿ, ಅದೇ ರಾಗದಲ್ಲಿ ಹನ್ನೊಂದನೆಯ ಹೆಸರನ್ನೂ ಓದಿ ಮುಂದುವರಿದರು.

ಆಮೇಲೆ ಕಂಬದ ಮರೆಗೆ ಕರೆದು ಹೇಳಿದರು: ‘ಬಿಟ್ಟು ಓದಿದ್ರೆ ನೀನು ಎದ್ದು ಕೇಳ್ತಿದ್ದಿ. ಇದು ಸುಳ್ಳು ಅಂದಿದ್ರೆ, ಮತ್ಯಾವ್ದು ಸುಳ್ಳು ಅಂತ ಊರೋರು ಕೇಳ್ತಿದ್ರು. ಅದಕ್ಕ ಓದಿದೆ. ಇನ್ಮ್ಯಾಲೆ ಈ ಪುಸ್ತಕ ಮುಟ್ಟಬ್ಯಾಡ.’

ಊರೆಲ್ಲ ಕೇಳಿದ ಹೆಸರಿಗೆ ಹಕ್ಕುಪತ್ರ ಕೊಡದಿರಲು ಆಗಲಿಲ್ಲ. ಕಾಗದ ಬಂದ ದಿನ ಆ ಸೊಸೆ ಅದನ್ನು ಓದಿಸಿಕೊಳ್ಳಲು ನನ್ನಲ್ಲಿಗೇ ತಂದರು. ಎರಡು ಸಲ ಓದಿಸಿಕೊಂಡು, ಮಡಿಸಿ ಸೆರಗಿಗೆ ಕಟ್ಟಿಕೊಳ್ಳುತ್ತ ಕೇಳಿದರು:

‘ತಮ್ಮಾ, ಹೊಳಿಗೆ ಬಿಟ್ರಲ್ಲ, ಆ ಹಳೇ ಪುಸ್ತಕದಾಗ ಮಾವನ ಹೆಸ್ರು ಯಾವ ಜಾಗದಾಗಿತ್ತು?’

‘ಕೊನೇಗೆ’ ಎಂದೆ.