ಚಂದ್ರಿಯ ಲಾಳ

ಕಿಟಕಿಯ ಗಾಳಿಗೆ ಹಾಳೆಗಳು ಹಾರದಿರಲೆಂದು ನನ್ನ ಬರೆಯುವ ಮೇಜಿನ ಮೇಲೆ ಒಂದು ಕುದುರೆಯ ಲಾಳವನ್ನು ಇಟ್ಟುಕೊಂಡಿದ್ದೇನೆ. ಬಂದವರೆಲ್ಲ ಅದು ಹೊಸ್ತಿಲಲ್ಲಿರಬೇಕಾದ ವಸ್ತುವೆಂದು ನನಗೆ ತಿಳಿಹೇಳುತ್ತಾರೆ. ಒಮ್ಮೆ ಇರಬಾರದ ಜಾಗದಲ್ಲಿ ಇದ್ದು ಬಂದದ್ದು, ಇನ್ನು ಕಣ್ಣೆದುರಿಗೇ ಇರಲಿ ಎನ್ನುತ್ತೇನೆ. ನಿಮಗೂ ಕುತೂಹಲವಿದ್ದರೆ ಕುಳಿತುಕೊಳ್ಳಿ. ಇದರಲ್ಲಿ ನಗೆಪಾಟಲಾಗುವವರು ಮೊದಲು ನನ್ನ ಗಂಡ, ಆಮೇಲೆ ನಾನು.

ನಮ್ಮವರು ಹುಕ್ಕೇರಿಯಲ್ಲಿ ಡಾಕ್ಟರು. ಮೊದಲು ಟಾಂಗಾದಲ್ಲಿ ಹಳ್ಳಿ ತಿರುಗುತ್ತಿದ್ದರು. ಅದನ್ನೆಳೆಯುತ್ತಿದ್ದ ಚಂದ್ರಿ ಎಂಬ ಬಿಳಿ ಕುದುರೆಗೆ ರೋಗಿಗಳ ಮನೆಗಳೆಲ್ಲ ಬಾಯಿಪಾಠವಾಗಿದ್ದವು. ಚಂದ್ರಿ ಮುಪ್ಪಾಗಿ ಸತ್ತ ಮೇಲೆ ಬೆಳಗಾವಿಯಿಂದ ಒಂದು ಹಳೆಯ ಕಾರು ಬಂತು. ಅದರ ಸ್ಟೇರಿಂಗನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಮ್ಮ ಅಡುಗೆಮನೆಯ ಮಡಿಗಿಂತ ಆ ಮಡಿ ಕಟ್ಟುನಿಟ್ಟಿನದು. ಖಂಡೇನವಮಿಗೆ ಕಾರಿನ ಪೂಜೆಯಾಯಿತು, ಗಾಲಿಗಳ ಕೆಳಗೆ ನಿಂಬೆಹಣ್ಣು ಒಡೆದವು, ಆದರೆ ನನ್ನ ಮನಸ್ಸು ತುಂಬಲಿಲ್ಲ. ಅಷ್ಟು ವರ್ಷ ನನ್ನ ಗಂಡನನ್ನು ಒಮ್ಮೆಯೂ ಕೆಡವದೆ ಮನೆಗೆ ತಂದುಬಿಟ್ಟ ಚಂದ್ರಿಯ ಲಾಳವೊಂದನ್ನು ತೆಗೆದಿಟ್ಟಿದ್ದೆನಲ್ಲ, ಅದನ್ನು ಮುಂದಿನ ಎಡಗಾಲಿಯ ಒಳಮೈಗೆ, ಟೈರಿನ ಅಂಚಿಗೆ ಹತ್ತಿರವಾಗಿ, ತಂತಿಯಿಂದ ಬಿಗಿದು ಕಟ್ಟಿದೆ. ಇಂಥದ್ದನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂದು ನಮ್ಮ ಅತ್ತೆಯವರ ಮಾತು, ಆದ್ದರಿಂದ ಹೇಳಲಿಲ್ಲ. ವಾರದಲ್ಲಿ ಅದಕ್ಕೆ ಕೆಸರು ಮೆತ್ತಿತು, ನನಗೂ ಮರೆತುಹೋಯಿತು.

ದೀಪಾವಳಿಯ ಹೊತ್ತಿಗೆ ನಮ್ಮವರು ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿಯತೊಡಗಿದರು.

"ಏನ್ರಿ, ಕಪ್ಪನ್ನ ಆರತಿ ತಾಟ ಹಿಡದಂಗ ಹಿಡದೀರಲ್ಲ?" ಎಂದು ಕೆಣಕಿದೆ. ಅವರು ಕಪ್ಪನ್ನು ಕೆಳಗಿಟ್ಟು ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಆ ವಾರವೇ ಯಮಕನಮರಡಿಯ ಒಬ್ಬ ಅಜ್ಜಿಗೆ ಇಂಜೆಕ್ಷನ್ ತುಂಬಿದವರು ಸೂಜಿಯನ್ನು ಮತ್ತೆ ಡಬ್ಬಿಗೆ ಹಾಕಿ, ಗುಳಿಗೆ ಕೊಟ್ಟು ಎದ್ದುಬಂದರಂತೆ. ಗುಳಿಗೆಯನ್ನು ಕಿರಾಣಿ ಅಂಗಡಿಯವನೂ ಕೊಡುತ್ತಾನೆ, ಸೂಜಿ ಮಾಡದವನು ಎಂಥ ಡಾಕ್ಟರ ಎನ್ನುವ ಸೀಮೆ ನಮ್ಮದು. ಆ ಸುದ್ದಿ ಅವರಿಗಿಂತ ಮೊದಲೇ ಮನೆಗೆ ಮುಟ್ಟಿತ್ತು.

ಮರುದಿನ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. ರೊಟ್ಟಿ ಮುರಿಯುತ್ತಿದ್ದವರು ಕೈ ತಡೆದರು.

"ಕೈ ನಡಗಾಕತ್ತಾವು. ಅಪ್ಪಗ ಬಂದದ್ದ ನನಗೂ ಬಂತು. ಡಾಂಬರ ರಸ್ತಾಕ್ಕ ಹತ್ತಿ ಸ್ಪೀಡಿನ ಮುಳ್ಳ ನಲವತ್ತ ಮೈಲಿಗೆ ಬಂತಂದ್ರ ಸ್ಟೇರಿಂಗ ಮ್ಯಾಲಿನ ಕೈ ಗಡಗಡ ಅಂತಾವು. ಇಂಥಾ ಕೈಲೆ ಸೂಜಿ ಹೆಂಗ ಮಾಡ್ಲಿ?"

ಸ್ಪೀಡಿನ ಮುಳ್ಳನ್ನು ನೋಡಿಕೊಂಡು ಬರುವ ರೋಗ ಯಾವ ಪುಸ್ತಕದಲ್ಲಿದೆಯೆಂದು ನೀವಾದರೆ ಕೇಳುತ್ತಿದ್ದಿರಿ. ಇಡೀ ತಾಲೂಕಿನ ನಾಡಿ ಹಿಡಿದ ಮನುಷ್ಯ ಅದನ್ನು ಕೇಳಿಕೊಳ್ಳಲಿಲ್ಲ. ಮಾತಿನಲ್ಲಿ ಯಾರಿಗೂ ಸೋಲದ ನನಗೂ ಹೊಳೆಯಲಿಲ್ಲ. ಕೊನೆಯ ವರ್ಷಗಳಲ್ಲಿ ನೀರಿನ ಲೋಟವನ್ನೂ ತುಟಿಯವರೆಗೆ ಒಯ್ಯಲಾರದೆ ಹೋದ ಮಾವನವರು ಇಬ್ಬರ ಕಣ್ಣ ಮುಂದೆಯೂ ಬಂದಿದ್ದರು. ದವಾಖಾನೆಯನ್ನು ವಹಿಸಿಕೊಳ್ಳಿರೆಂದು ನಮ್ಮವರು ಗೋಕಾಕದ ಒಬ್ಬ ತರುಣ ಡಾಕ್ಟರರಿಗೆ ಆಗಲೇ ಪತ್ರ ಬರೆದು ಕೋಟಿನ ಕಿಸೆಯಲ್ಲಿಟ್ಟುಕೊಂಡಿದ್ದರು. ಮೊದಲು ಕಾರು ಮಾರಿ, ಆಮೇಲೆ ಪತ್ರವನ್ನು ಟಪಾಲಿಗೆ ಹಾಕುವುದೆಂದು ನಿಶ್ಚಯಿಸಿದ್ದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಘಟಪ್ರಭಾದಲ್ಲಿ ಹುಸೇನಸಾಬ ಎಂಬ ಮಿಸ್ತ್ರಿ ಇದ್ದ. ಕಾರಿಗೆ ಗಿರಾಕಿ ಹುಡುಕಿಕೊಡೆಂದರೆ, ಓಡಿಸಿ ನೋಡದೆ ಗಾಡಿಯ ಗುಣ ಹೇಳಲಾರೆ ಎಂದ. ನಮ್ಮವರು, ಹಸೆಮಣೆಯಿಂದ ಎಬ್ಬಿಸಿದ ಮದುಮಗನಂತೆ ಮುಖ ಮಾಡಿಕೊಂಡು, ಮೊದಲ ಸಲ ಪಕ್ಕದ ಸೀಟಿಗೆ ಸರಿದರು. ನಾನು ಹಿಂದೆ ಕುಳಿತೆ. ಗೋಕಾಕದ ರಸ್ತೆಯಲ್ಲಿ ಮುಳ್ಳು ನಲವತ್ತಕ್ಕೆ ಬಂತೋ ಇಲ್ಲವೋ, ಹುಸೇನಸಾಬನ ತೋಳುಗಳು ಮೊಣಕೈವರೆಗೆ ಅದುರತೊಡಗಿದವು.

"ಡಾಕ್ಟರ ಸಾಹೇಬ್ರ, ಇದನ್ನ ಇಷ್ಟ ದಿನ ಹೆಂಗ ನಡಿಸಿದ್ರಿ? ನನ್ನ ಹಲ್ಲ ಸುದ್ಧಾ ಅಳ್ಳಾಡಾಕತ್ತಾವು!"

"ನಿನಗೂ ನಡಗ್ತೈತೇನೋ?" ನಮ್ಮವರು ಪೂರ್ತಿ ಅವನತ್ತ ತಿರುಗಿ ಕುಳಿತರು.

"ನನಗಲ್ರಿ, ಗಾಡಿಗೆ ನಡಗ್ತೈತಿ."

ಎಷ್ಟೋ ಮನೆಗಳಲ್ಲಿ ಕೆಟ್ಟ ಸುದ್ದಿಯನ್ನು ನೆಟ್ಟ ನೋಟದಿಂದ ಹೇಳಿ ಬಂದ ಮನುಷ್ಯ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿದ್ದನ್ನೇ ಒರೆಸುತ್ತ ಕುಳಿತರು. ನನಗಂತೂ ಅಲ್ಲಿಯೇ ಇಳಿದು ಆ ಮಿಸ್ತ್ರಿಯ ದೃಷ್ಟಿ ತೆಗೆಯಬೇಕೆನಿಸಿತು.

ಮರಳಿ ಬಂದು ಹುಸೇನಸಾಬ ಜಾಕ್ ಹಚ್ಚಿ ಮುಂದಿನ ಗಾಲಿಗಳನ್ನು ಎತ್ತಿದ. ಬಲಗಾಲಿಯನ್ನು ಕೈಯಿಂದ ತಿರುಗಿಸಿ ಬಿಟ್ಟರೆ ಅದು ಪ್ರತಿಸಲ ಬೇರೆ ಬೇರೆ ಕಡೆ ನಿಂತಿತು. ಎಡಗಾಲಿ ನಿಂತಲ್ಲಿ ತಳಕ್ಕೆ ಸೀಮೆಸುಣ್ಣದ ಗೆರೆ ಎಳೆದು ಮತ್ತೆ ತಿರುಗಿಸಿದ. ಅದು ತೂಗಾಡಿ ತೂಗಾಡಿ ಗೆರೆಯನ್ನು ತಳಕ್ಕೇ ತಂದು ನಿಂತಿತು. ನಾಲ್ಕು ಸಲವೂ ಹಾಗೆಯೇ.

"ಸಮತೂಕದ ಗಾಲಿ ಎಲ್ಲಿ ಬೇಕಾದ್ರೂ ನಿಲ್ತೈತ್ರಿ. ಇದ್ರಾಗ ಒಂದ ಕಡೆ ಏನೋ ಜಡ ಐತಿ, ಗಾಡಿ ಜೋರ ಓಡಿದ್ರ ಅದ ಸ್ಟೇರಿಂಗ ನಡಗಸ್ತೈತಿ" ಎಂದವನೇ ಹಿಂದೆ ಕೈ ಹಾಕಿ ತಡಕಾಡಿ, ಕೆಸರು ಕೆರೆದು, ಲಾಳವನ್ನು ಹೊರಗೆಳೆದ. "ಯಾ ಶ್ಯಾಣ್ಯಾ ಕಟ್ಟ್ಯಾನ್ರಿ ಇದನ್ನ?"

ನಾನು ದೂರದ ಕಬ್ಬಿನ ಗದ್ದೆಯನ್ನು ಬಹಳ ಆಸಕ್ತಿಯಿಂದ ನೋಡಿದೆ. ನಮ್ಮವರು ಲಾಳವನ್ನು ತಿರುಗಿಸಿ, ಚಂದ್ರಿ ಸದಾ ಸವೆಸುತ್ತಿದ್ದ ಅಂಚಿನ ಮೇಲೆ ಬೆರಳಾಡಿಸಿ ಗುರುತು ಹಿಡಿದರು.

"ಚಂದ್ರೀ, ಸತ್ತ ಮ್ಯಾಲೂ ನನ್ನ ಜಗ್ಗೂದ ಬಿಡವಲ್ಲಿಯಲ್ಲ" ಎಂದು ಕುದುರೆಗೆ ಹೇಳಿದರು. ನೋಡಿದ್ದು ಮಾತ್ರ ನನ್ನನ್ನು.

ಮರುದಿನ ಯಮಕನಮರಡಿಯ ಅಜ್ಜಿಗೆ ಸೂಜಿ ಬಿತ್ತು. ಡಾಕ್ಟರ ಕೈಗುಣ ಛಲೋ ಐತೆಂದು ಆಕೆ ಹರಸಿದಳಂತೆ. ನನ್ನ ವಿಷಯಕ್ಕೆ ಬಂದರೆ, ನಾವು ಪ್ರೀತಿಯೆಂದು ಕಟ್ಟುವುದನ್ನು ಎಲ್ಲಿ ಕಟ್ಟುತ್ತೇವೆಂದು ನೋಡುವುದೇ ಇಲ್ಲವಲ್ಲ ಎಂದು ಆಗಾಗ ಅನಿಸುತ್ತದೆ. ಮೆಲ್ಲಗೆ ನಡೆಯುವ ದಿನಗಳಲ್ಲಿ ಅದು ತಿಳಿಯುವುದಿಲ್ಲ. ಬದುಕು ಓಡತೊಡಗಿದಾಗ, ಯಾರಿಗಾಗಿ ಕಟ್ಟಿದೆವೋ ಅವರ ಕೈಯೇ ನಡುಗುತ್ತದೆ. ಹಾಗೆಂದು ನಾನೇನೂ ತಿದ್ದಿಕೊಂಡಿಲ್ಲ. ಈಗಲೂ ಹೊರಡುವಾಗ ಅವರ ಕೊರಳಿಗೆ ಎರಡನೆಯ ಮಫ್ಲರ್ ಸುತ್ತುತ್ತೇನೆ, ಅವರು ಗಾಳಿಯಲ್ಲಿ ಬೆರಳಿನಿಂದ ಒಂದು ಗಾಲಿ ತಿರುಗಿಸಿ ತೋರಿಸುತ್ತಾರೆ.

ಲಾಳದ ಅಡಿಯಲ್ಲಿರುವ ಹಾಳೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಗೋಕಾಕದ ಡಾಕ್ಟರರಿಗೆ ಬರೆದು ಟಪಾಲಿಗೆ ಹಾಕದ ಆ ಪತ್ರ. ಇಂದು ಗಾಳಿ ಜೋರಾಗಿತ್ತೆಂದು ಹಾಳೆಗಳನ್ನು ಸರಿಪಡಿಸುವಾಗ ಅದನ್ನು ಮೊದಲ ಸಲ ಬಿಡಿಸಿ ಓದಿದೆ. ಕೈ ನಡುಗುತ್ತದೆ, ಇನ್ನು ಈ ಕೆಲಸ ಆಗದು ಎಂದು ಅವರು ಅದರಲ್ಲಿ ಬರೆದಿದ್ದಾರೆ. ಒಂದೇ ಒಂದು ಅಕ್ಷರವೂ ನಡುಗಿಲ್ಲ.