ಹಳೆಯ ರಿವಾಲ್ವರ್, ಹೊಸ ಪಿಸ್ತೂಲು, ಉಸ್ತಾದರ ಬಲಗೈ

ಮೊನ್ನೆ ಅಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ರಾಯಚೂರಿನ ಬಜಾರಿನಲ್ಲಿದ್ದ ಉಸ್ತಾದರ ಬಂದೂಕು ರಿಪೇರಿ ಅಂಗಡಿ ಕಣ್ಣ ಮುಂದೆ ಬಂತು.

ನಾನು ದೇವದುರ್ಗದವನು. ಆಗ ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕಾರಕೂನನಾಗಿದ್ದೆ. ಬಂದೂಕಿನ ಹುಚ್ಚು ಹೇಗೆ ಹತ್ತಿತೋ ಗೊತ್ತಿಲ್ಲ. ಹೈದರಾಬಾದಿನಿಂದ ತರಿಸಿದ ಒಂದು ಹರಕು ಇಂಗ್ಲಿಷ್ ಕ್ಯಾಟಲಾಗನ್ನು ಡಿಕ್ಷನರಿ ಹಿಡಿದು ಓದಿ ಓದಿ ಬಾಯಿಪಾಠ ಮಾಡಿದ್ದೆ. ಕೈಯಲ್ಲಿ ಮಾತ್ರ ಒಂದನ್ನೂ ಹಿಡಿದವನಲ್ಲ. ಬಿಡುವಾದಾಗಲೆಲ್ಲ ಹೋಗಿ ಉಸ್ತಾದರ ತಲೆ ತಿನ್ನುತ್ತಿದ್ದೆ. ಅವರದೊಂದು ಕಟ್ಟುನಿಟ್ಟು: ಯಾರೇ ಬಂದೂಕು ತರಲಿ, ತಾವು ಅದನ್ನು ತೆರೆದು ಒಳಗೆ ಕಿರುಬೆರಳು ಆಡಿಸುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಅವರ ಅಂಗಡಿಯಲ್ಲಿ ಒಂದು ಗುಂಡೂ ತಪ್ಪಿ ಹಾರಿದ್ದಿಲ್ಲ. ಜನ ಅವರನ್ನು ನಂಬಿದ್ದೇ ಅದಕ್ಕೆ.

ಜಿನ್ನಿಗೆ ರಜೆ ಇದ್ದ ಒಂದು ದಿನ ಮಾನ್ವಿಯ ಕಡೆಯ ದೇಸಾಯರೊಬ್ಬರು ಬಂದರು. ಅಜ್ಜನ ಕಾಲದ ರಿವಾಲ್ವರ್, ಆಗಷ್ಟೇ ಕೊಂಡ ಪಿಸ್ತೂಲು, ಎರಡನ್ನೂ ಹಲಗೆಯ ಮೇಲಿಟ್ಟರು.

"ದಿನಮಾನ ಕೆಟ್ಟ ಬರಾಕತ್ತಾವ. ದಾರ್‍ಯಾಗ ಯಾವುದು ಜೋಡಿ ಇಟ್ಕೊಳ್ಳಲಿ, ಉಸ್ತಾದ್?"

"ಈ ಸಾಹೇಬರನ್ನ ಕೇಳ್ರಿ," ಎಂದು ಉಸ್ತಾದರು ನನ್ನ ಕಡೆ ನೋಡಿ ನಕ್ಕರು. "ಪುಸ್ತಕ ಓದಿ ಪಂಡಿತ ಆಗ್ಯಾರ."

ನನಗೆ ಅಷ್ಟೇ ಬೇಕಿತ್ತು. "ರಿವಾಲ್ವರ್ ಮುದುಕ ಆತ್ರಿ. ಆರು ಗುಂಡು ಒಂದೊಂದಾಗಿ ತುಂಬಬೇಕು. ಈ ಪಿಸ್ತೂಲಿನಾಗ ಎಂಟು, ಡಬ್ಬಿ ಸಮೇತ ಒಮ್ಮೆಗೇ ಹಿಡಿಕಿಯೊಳಗ ಏರಿಸಿಬಿಡೋದು."

"ಮುದುಕ ಖರೆ. ಆದ್ರ ತನ್ನ ಹೊಟ್ಟ್ಯಾಗ ಏನದ ಅಂತ ತೋರಸ್ತಾನ," ಎಂದರು ಉಸ್ತಾದರು, ರಿವಾಲ್ವರಿನ ತಿರುಗುವ ಉರುಳೆಯನ್ನು ಬದಿಗೆ ತೆರೆದು ಹಿಡಿದು. "ಈ ಹೊಸಾ ಮನಿಷ್ಯಾ ಬಾಯಿ ಬಿಡಂಗಿಲ್ಲ."

ಅವರು ಕೈ ಚಾಚುವ ಮೊದಲೇ ನಾನು ಪಿಸ್ತೂಲು ಎತ್ತಿಕೊಂಡಿದ್ದೆ. ಗುಂಡಿನ ಡಬ್ಬಿ ಎಳೆದು ಹಲಗೆಯ ಮೇಲಿಟ್ಟೆ. "ನೋಡ್ರಿ, ಖಾಲಿ." ಟ್ರಿಗರ್ ಒತ್ತಿದೆ. ಢಮ್ಮೆಂದಿತು.

ಡಬ್ಬಿ ತೆಗೆದರೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಕ್ಯಾಟಲಾಗಿನಲ್ಲಿ ಅದೂ ಇತ್ತೋ ಏನೋ...

ಉಸ್ತಾದರ ಬಲಗೈಯಿಂದ ರಕ್ತ ಸುರಿಯುತ್ತಿತ್ತು. ಬಾಗಿಲಲ್ಲಿ ಜನ ಸೇರಿದರು. ನಿಜಾಮರ ರಾಜ್ಯದ ಕೊನೆಯ ದಿನಗಳು. ಹಿಂದೂ ಮುಸಲ್ಮಾನರು ಒಬ್ಬರನ್ನೊಬ್ಬರು ಓರೆಗಣ್ಣಿಂದ ನೋಡುತ್ತಿದ್ದ ಕಾಲ.

"ಯಾರು ಹೊಡದ್ರು?" ಯಾರೋ ಕೂಗಿದರು.

"ನಾನೇ. ಒರಸಾಕತ್ತಿದ್ದೆ, ಹಾರ್‍ತು. ಹೋಗ್ರಿ, ನಿಮ್ಮ ನಿಮ್ಮ ಕೆಲಸ ನೋಡ್ಕೋರಿ." ಕೈಗೆ ಅರಿವೆ ಸುತ್ತಿಕೊಳ್ಳುತ್ತ ನನ್ನ ಕಡೆ ಬಾಗಿದರು. "ಬಾಯಿ ಮುಚ್ಚು ಬೇಟಾ. ಹಿಂದೂ ಹುಡುಗ ಮುಸಲ್ಮಾನಗ ಹೊಡದಾನ ಅಂತ ನಿನ್ನ ಹೆಸರು ಬಂದ್ರ ಇವತ್ತು ಬಜಾರ ಉರೀತದ."

ಪೊಲೀಸರಿಗೂ ಅದನ್ನೇ ಹೇಳಿದರು. ದೇಸಾಯರು ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

ಎರಡು ಬೆರಳು ಹೋದವು. ತನ್ನ ಕೈಗೇ ಗುಂಡು ಹೊಡೆದುಕೊಂಡವನಿಗೆ ಬಂದೂಕು ಕೊಡುವವರು ಯಾರು? ಗಿರಾಕಿಗಳು ಬರುವುದು ನಿಂತಿತು. ಅಂಗಡಿ ಮುಚ್ಚಿ ಹೈದರಾಬಾದಿನ ಮಗಳ ಮನೆಗೆ ಹೋದರು. ಆಮೇಲೆ ಗದ್ದಲಗಳಾದವು. ಅವರು ಇದ್ದಾರೋ ಇಲ್ಲವೋ...

ಎಣ್ಣೆಯ ವಾಸನೆ ಬಂದ ಮರುದಿನ ರಾಯಚೂರಿನ ಆ ಹಳೆಯ ಅಂಗಡಿಗೆ ಹೋದೆ. ಈಗ ಅಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಾರೆ. ಉಸ್ತಾದರ ಸುದ್ದಿ ಏನಾದರೂ ಉಂಟೇ ಎಂದು ಅಂಗಡಿಯವನನ್ನು ಕೇಳಿದೆ.

"ಯಾರು, ಊರಿಗೆಲ್ಲ ಬುದ್ಧಿ ಹೇಳಿ ತನ್ನ ಕೈಗೇ ಹೊಡಕೊಂಡನಲ್ಲ, ಆ ಮುದುಕನಾ?" ಎಂದು ಅವನು ನಕ್ಕ.

ನಿಜಾಮರ ರಾಜ್ಯ ಹೋಗಿ ವರ್ಷವಾಗಿದೆ. ಬಜಾರು ತಣ್ಣಗಿತ್ತು. ಈಗ ನಾನು ನಿಜ ಹೇಳಿದ್ದರೂ ಏನೂ ಉರಿಯುತ್ತಿರಲಿಲ್ಲ.

"ಹೌದ್ರಿ, ಅವರೇ," ಎಂದು ಬಂದುಬಿಟ್ಟೆ.