ಶಾರದತ್ತೆಯ ಅರ್ಕಾವತ್ತು

ಮೊನ್ನೆ ಮನೆಗೊಂದು ಲಗ್ನಪತ್ರಿಕೆ ಬಂತು. ಮೂಲೆಗಳಿಗೆ ಅರಿಶಿನ ಹಚ್ಚಿದ್ದರು, ಕವರು ತೆರೆಯುತ್ತಲೇ ಘಮ್ಮೆಂದಿತು. ನೀವಾಗಿದ್ದರೆ ಮೊದಲು ಮುಹೂರ್ತ ನೋಡುತ್ತೀರಿ, ಇಲ್ಲವೇ ಊಟ ಎಲ್ಲಿ ಎಂದು ಹುಡುಕುತ್ತೀರಿ. ನಾನು ಅರ್ಕಾವತ್ತು ನೋಡುತ್ತೇನೆ. ಅಕ್ಷರದ ಪಕ್ಕದಲ್ಲಿ ಕೊಕ್ಕೆಯ ಹಾಗೆ ಕೂತಿರುತ್ತದಲ್ಲ, ಅದು. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ಇರಬಹುದು. ಶಾರದತ್ತೆಯಿಂದ ಬಂದ ಹುಚ್ಚು, ಬಿಡುವ ಮನಸ್ಸಿಲ್ಲ.

ಶಾರದತ್ತೆ ನನ್ನ ಅಪ್ಪನ ತಂಗಿ. ಮಾವ ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಚಾಮರಾಜಪೇಟೆಯ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಡಿಟಿಪಿ ಶುರುಮಾಡಿದಳು. ಮದುವೆ, ಮುಂಜಿ, ಗೃಹಪ್ರವೇಶಗಳ ಪತ್ರಿಕೆಗಳಿಂದಲೇ ಆ ಮನೆ ನಡೆಯುತ್ತಿತ್ತು.

ಆಗ "ಲೋಡ್" ಎನ್ನುವುದು ಬಹಳ ಮುದ್ದಾದ ಶಬ್ದ. ಕಂಪ್ಯೂಟರ್ ಜೋಡಿಸಿಕೊಟ್ಟವನು, "ಆಂಟಿ, ಎಲ್ಲಾ ಫುಲ್ ಲೋಡ್ ಮಾಡ್ಕೊಟ್ಟಿದೀನಿ, ಕನ್ನಡದ್ದೂ ಸೇರ್ಸಿ" ಎಂದು ಕಾಫಿ ಕುಡಿದು ಹೋಗಿದ್ದ. ಅಸಲಿ ಕನ್ನಡ ತಂತ್ರಾಂಶಕ್ಕೆ ಬೀಗದಂಥ ಒಂದು ಪುಟ್ಟ ಡಬ್ಬಿ ಬರುತ್ತದೆ, ಇದು ಬೀಗ ಒಡೆದ ಪ್ರತಿ ಎಂದು ನಮಗೆ ತಿಳಿಯದು. ತಿಳಿದಿದ್ದರೂ ಏನು ಮಾಡುತ್ತಿದ್ದೆವೋ. ಬೆಳಿಗ್ಗೆ ಎದ್ದು ಪಕ್ಕದ ಮನೆಯ ಕಾಂಪೌಂಡಿನಿಂದ ಪೂಜೆಗೆ ದಾಸವಾಳ ಕೀಳುವುದನ್ನು ಯಾರೂ ಕಳ್ಳತನ ಎನ್ನದ ಬಡಾವಣೆ ನಮ್ಮದು.

ತ್ಯಾಗರಾಜನಗರದ ನರಸಿಂಹಮೂರ್ತಿ ಮೇಷ್ಟ್ರು ದೊಡ್ಡ ಮಗಳ ಲಗ್ನಪತ್ರಿಕೆಗೆ ಬಂದರು. ಪ್ರೂಫ್ ಓದಿ, ಸರಿಯಿದೆ ಎಂದು ಹೋದರು. ಆಮೇಲೆ ಎದ್ದು ಕೂತಿತು, ಆ ಕದ್ದ ತಂತ್ರಾಂಶದ ಜೊತೆ ಬಂದಿದ್ದ ವೈರಸ್ಸು. ಕಂಪ್ಯೂಟರ್ ನಿಂತು, ಹೇಗೋ ಮತ್ತೆ ಶುರುವಾದಾಗ, ಅತ್ತೆ ಸದ್ಯ ಬದುಕಿದೆ ಎಂದುಕೊಂಡು ಗಡಿಬಿಡಿಯಲ್ಲಿ ಪ್ರೆಸ್ಸಿಗೆ ಕಳಿಸಿಬಿಟ್ಟಳು. ಅರ್ಕಾವತ್ತುಗಳೆಲ್ಲ ಉದುರಿಹೋಗಿದ್ದವು. ನರಸಿಂಹಮೂರ್ತಿ ಹೋಗಿ ನರಸಿಂಹಮೂತಿ ಆಗಿತ್ತು.

ಗೊತ್ತಾದದ್ದು ಗಂಡಿನ ಮನೆಯವರು ಓದಿ ನಕ್ಕ ಮೇಲೆ. ಮೇಷ್ಟ್ರು ಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ಶಾರದಮ್ಮ, ನನ್ನ ಮೂತಿ ಚೆನ್ನಾಗಿಲ್ಲ ಅಂತ ನಂಗೂ ಗೊತ್ತು. ಬೀಗರ ಮನೇಲಿ ಹೇಳ್ಬೇಕಿತ್ತಾ?" ಎಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಆ ಮಾತಿಗೆ ಅತ್ತೆ ಅತ್ತುಬಿಟ್ಟಳು. ಬೇರೆ ಪತ್ರಿಕೆ ಮಾಡಿಸಿಕೊಟ್ಟಳು, ನಿಜ. ಆದರೆ "ಮೂತಿ ಶಾರದಮ್ಮ" ಎಂಬ ಹೆಸರು ಬಿದ್ದಾಗಿತ್ತು, ಗಿರಾಕಿಗಳು ಬರುವುದನ್ನು ನಿಲ್ಲಿಸಿದರು.

ತಂತ್ರಾಂಶ ಮಾಡಿದವರಿಗೆ ಫೋನ್ ಮಾಡಿದಳು. ಆ ಕಡೆಯವರು ವಿನಯದಿಂದಲೇ, "ನಿಮ್ಮ ಬೀಗದ ನಂಬರ್ ಹೇಳಿ ಮೇಡಂ" ಎಂದರು. ಬೀಗವೇ ಇಲ್ಲ, ತನ್ನದು ಕದ್ದ ಪ್ರತಿ ಎಂದು ಆಗ ತಿಳಿದ ಅತ್ತೆ ಫೋನ್ ಇಟ್ಟಳು. ಮರುದಿನ ಕಂಪ್ಯೂಟರನ್ನು ಪೂರ್ತಿ ಅಳಿಸಿಸಿ, ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಕನ್ನಡ ತಂತ್ರಾಂಶವನ್ನೂ ಅದು ಓಡಲು ಬೇಕಾದದ್ದನ್ನೂ ಬಿಲ್ ಸಮೇತ ಕೊಂಡಳು. ಪತ್ರ, ಚಿತ್ರಗಳ ಕೆಲಸಕ್ಕೆಂದು ನಾನು ನನ್ನ ಕಾಲೇಜಿನಲ್ಲಿ ಯಾರೋ ಹಂಚುತ್ತಿದ್ದ ಮುಕ್ತ ತಂತ್ರಾಂಶದ ಸಿ.ಡಿ. ತಂದು, ಪುಕ್ಕಟೆ ಎಂದು ಜಂಬದಿಂದ ಚಾಚಿದೆ. ಅತ್ತೆ ಮುಟ್ಟಲಿಲ್ಲ.

"ಪುಕ್ಕಟೆ ಅಂದ್ರೆ ಕದ್ದಿದ್ದಾ, ಕೊಟ್ಟಿದ್ದಾ?"

"ಕೊಟ್ಟಿದ್ದು ಅತ್ತೆ. ಮಾಡಿದೋರೇ ಕೊಟ್ಟಿದ್ದು. ಕಾಪಿ ಮಾಡಿ ಬೇರೆಯೋರ್ಗೂ ಕೊಡಿ ಅಂದಿದಾರೆ."

ಕೊಡಿ ಎಂದರೆ ನಮ್ಮತ್ತೆ ಕೇಳಬೇಕೇ. ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಒಂದೊಂದು ಸಿ.ಡಿ. ಕೊಟ್ಟಳು. ಮೇಷ್ಟ್ರ ಹೆಂಡತಿಯನ್ನು ತಾನೇ ಹೋಗಿ ಕರೆದಿದ್ದಳು. ಆಕೆ ಚೀಲದೊಳಗೆ ನೋಡಿ, "ಇದೇನ್ರೀ, ದೇವರ ನಾಮಾನಾ?" ಎಂದರು. "ಅಲ್ಲ, ಮಕ್ಕಳ ಕಂಪ್ಯೂಟರಿಗೆ. ಕದ್ದ ಮಾಲು ಹಾಕಿ ನನ್ನ ಥರ ಆಗೋದ್ ಬೇಡ ಅಂತ" ಎಂದಳು ಅತ್ತೆ, ತುಂಬಿದ ಮನೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅಲ್ಲೇ ಕೋಸಂಬರಿ ಹಂಚುತ್ತಿದ್ದ ನನಗೆ ಎದೆ ಉಬ್ಬಿತು.

ಕೆಲವು ವರ್ಷ ಕಳೆದು ಮೇಷ್ಟ್ರು ಎರಡನೆಯ ಮಗಳ ಮದುವೆಯ ವಿವರ ಹಿಡಿದುಕೊಂಡು ಅದೇ ಮೇಜಿನ ಮುಂದೆ ಕೂತರು. ಅತ್ತೆ, ಸಂಜೆ ಪ್ರೂಫ್ ಕಳಿಸುತ್ತೇನೆ ಎಂದಳು.

"ಬೇಡ ಶಾರದಮ್ಮ," ಎಂದರು ಮೇಷ್ಟ್ರು, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಪ್ರೂಫ್ ನಾನು ನೋಡಲ್ಲ. ನೀವು ನೋಡಿದ್ರೆ ಸಾಕು."

ಈಗ ಅತ್ತೆ ಪತ್ರಿಕೆ ಮಾಡಿಕೊಟ್ಟ ಮದುವೆ ಮನೆಗಳಲ್ಲಿ ಪನ್ನೀರು ಚಿಮುಕಿಸುವವರು, ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳಿದರೆ, ಮೊದಲೆಲ್ಲ ತಡವರಿಸುತ್ತಿದ್ದ ನಾನು ತಲೆಯೆತ್ತಿ ಹೇಳುತ್ತೇನೆ: ಶಾರದಮ್ಮನ ಕಡೆ.